ಕೆಲಸ ಕಲಿಸಿದವರಿಗೇ ಸೂಪರ್‌ವೈಸರ್ ಆದಾಗ

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ, ಸುಮಾರು ನಾನೂರು ಕಾರ್ಮಿಕರಿರುವ ಕಾರ್ಖಾನೆಯೊಂದರಲ್ಲಿ ಏಳು ವರ್ಷ ಸಿ.ಎನ್.ಸಿ. (ಕಂಪ್ಯೂಟರ್ ನಿಯಂತ್ರಿತ ಯಂತ್ರದ) ಆಪರೇಟರ್ ಆಗಿದ್ದೆ. ಮೂರು ತಿಂಗಳ ಹಿಂದೆ ನನ್ನನ್ನು ಟರ್ನಿಂಗ್ (ಲೇಥಿನಲ್ಲಿ ಲೋಹ ಕಡೆಯುವ) ವಿಭಾಗದ ಸೂಪರ್‌ವೈಸರ್ ಮಾಡಿದರು. ನನ್ನ ಕೈಕೆಳಗೆ ಹದಿನಾರು ಜನರಿದ್ದಾರೆ. ನನಗೆ ಕೆಲಸ ಕಲಿಸಿದ ಹಿರಿಯ ಸೆಟ್ಟರ್ (ಯಂತ್ರವನ್ನು ಕೆಲಸಕ್ಕೆ ಹೊಂದಿಸಿ ಕೊಡುವವರು) ಒಬ್ಬರು ನಾನು ಹೇಳಿದ್ದನ್ನು ಎಲ್ಲರೆದುರು ತಳ್ಳಿಹಾಕುತ್ತಾರೆ. ರಾತ್ರಿ ಪಾಳಿಯ ಮತ್ತು ಬೆಳಗಿನ ಪಾಳಿಯ ಇಬ್ಬರು ಆಪರೇಟರ್‌ಗಳು ರಿಜೆಕ್ಷನ್ (ಅಳತೆ ತಪ್ಪಿ ತಿರಸ್ಕೃತವಾದ ಪೀಸುಗಳ) ವಿಷಯಕ್ಕೆ ದಿನವೂ ಜಗಳವಾಡುತ್ತಾರೆ. ಕಳೆದ ವಾರ ಕೈಕೈ ಮಿಲಾಯಿಸುವುದೊಂದು ಬಾಕಿ ಇತ್ತು. ಇನ್ನೊಬ್ಬ ಹುಡುಗ ತಿಂಗಳಿಗೆ ಎರಡು ಮೂರು ಸೋಮವಾರ ಹೇಳದೆ ಕೇಳದೆ ಗೈರಾಗುತ್ತಾನೆ. ಮ್ಯಾನೇಜರ್ 'ಸ್ಟ್ರಿಕ್ಟ್ ಆಗಿರು' ಎನ್ನುತ್ತಾರೆ. ಕೂಗಾಡಿ ನೋಡಿದೆ, ಪ್ರಯೋಜನವಾಗಲಿಲ್ಲ. ಇಂಥ ಕಿರಿಕ್ ಜನರನ್ನು ನಿಭಾಯಿಸುವುದು ಹೇಗೆ? ಅಥವಾ ಮತ್ತೆ ಮೆಷಿನ್ನಿಗೇ ಮರಳುವುದು ವಾಸಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು 'ಕಿರಿಕ್ ಜನ' ಎಂಬ ಮಾತಿನ ಮೇಲೆ. ನಾಲ್ವರನ್ನೂ ಆ ಒಂದೇ ಮಾತಿನೊಳಗೆ ತುಂಬಿಬಿಟ್ಟಿದ್ದೀರಿ. ಆದರೆ ನೀವೇ ಕೊಟ್ಟಿರುವ ವಿವರಗಳನ್ನು ಬಿಡಿಸಿ ನೋಡಿದರೆ ಹಿರಿಯ ಸೆಟ್ಟರ್ ಅವರದು ಮಾನದ ಪ್ರಶ್ನೆ. ಪಾಳಿಯವರ ಜಗಳ ಬಹುಮಟ್ಟಿಗೆ ಯಂತ್ರಕ್ಕೂ ಕೆಲಸ ಒಪ್ಪಿಸುವ ಕ್ರಮಕ್ಕೂ ಸೇರಿದ್ದು. ಸೋಮವಾರದ ಹುಡುಗನದು ಹಾಜರಾತಿಯ ಪ್ರಶ್ನೆ, ಅದರ ಹಿಂದೆ ಏನಿದೆ ಎಂಬುದನ್ನು ಇದುವರೆಗೆ ಯಾರೂ ಕೇಳಿದಂತಿಲ್ಲ. ಹದಿಮೂರರ ಬೋಲ್ಟಿಗೂ ಹತ್ತೊಂಬತ್ತರ ಬೋಲ್ಟಿಗೂ ಒಂದೇ ಸ್ಪ್ಯಾನರ್ ಹಾಕಿದರೆ ಏನಾಗುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕೂಗಾಟ ಅಂಥದೊಂದು ಸ್ಪ್ಯಾನರ್.

ಆದ್ದರಿಂದ ಈ ವಾರದಿಂದ ಜನರಿಗೆ ಹೆಸರಿಡುವುದನ್ನು ನಿಲ್ಲಿಸಿ, ನಡೆದದ್ದನ್ನು ಬರೆದಿಡಲು ತೊಡಗಿ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ತಾರೀಖು, ಸಮಯ, ಯಂತ್ರದ ನಂಬರು, ಆಡಿದ ಮಾತು, ಅದರಿಂದ ಕೆಲಸಕ್ಕೆ ಆದದ್ದೇನು, ಇಷ್ಟು ಇರಲಿ. 'ಅಹಂಕಾರದಿಂದ ವರ್ತಿಸಿದರು' ಎಂದು ಬರೆದರೆ ಅದು ನಿಮ್ಮ ಅಭಿಪ್ರಾಯವೇ ಹೊರತು ಘಟನೆಯಲ್ಲ. 'ಬೆಳಿಗ್ಗೆ 9:20, ನಾಲ್ಕನೇ ಲೇಥ್. ಸಾಫ್ಟ್ ಜಾ (ಪೀಸನ್ನು ಹಿಡಿಯುವ ದವಡೆ) ಮತ್ತೆ ಬೋರ್ ಮಾಡಿ ಹಾಕಿ ಎಂದೆ. ಮೂವರು ಆಪರೇಟರ್‌ಗಳ ಎದುರು ನಿನಗೇನು ಗೊತ್ತು ಎಂದರು. ಹಳೆಯ ಬೋರಿನಲ್ಲೇ ಕೆಲಸ ನಡೆಯಿತು. ಮೊದಲ ಹನ್ನೆರಡು ಪೀಸಿನಲ್ಲಿ ಐದಕ್ಕೆ ರನ್‌ಔಟ್ (ತಿರುಗುವಾಗ ಓಲಾಟ) ಬಂತು' ಎಂದು ಬರೆದರೆ ಅದು ಘಟನೆ. ಹನ್ನೆರಡಕ್ಕೆ ಹನ್ನೆರಡೂ ಸರಿಯಾಗಿ ಬಂದಿದ್ದರೆ ಅದನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆಯಿರಿ. ಆಗ ಅವರ ಮಾತಿನ ರೀತಿ ತಪ್ಪಾಗಿದ್ದರೂ ಕೆಲಸದ ಮಟ್ಟಿಗೆ ಅವರು ಹೇಳಿದ್ದೇ ಸರಿ ಎಂದಾಗುತ್ತದೆ, ಮತ್ತು ಅದು ನಿಮಗೆ ತಿಳಿದಿರಬೇಕು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಸೂಪರ್‌ವೈಸರ್ ಆದ ಮೊದಲ ವರ್ಷ ಗ್ರಾಹಕರಿಂದ ಒಂದು ಲಾಟ್ ಪೂರ್ತಿ ವಾಪಸು ಬಂತು. ಬುಷ್‌ಗಳ ಒಳಗೆ ಶಾಫ್ಟ್ ಹೋಗುತ್ತಿರಲಿಲ್ಲ. ಆ ಯಂತ್ರದ ಆಪರೇಟರ್ ಮೊದಲೇ ಸ್ವಲ್ಪ ಎದುರು ಮಾತನಾಡುವ ಮನುಷ್ಯ. ಇಡೀ ವಿಭಾಗದ ಎದುರು, 'ಕೆಲಸದ ಮೇಲೆ ಗಮನವಿಲ್ಲದವರು ಮನೆಯಲ್ಲಿರಬಹುದು' ಎಂದೆ. ವಾರದ ನಂತರ ಗೇಜ್‌ಗಳನ್ನು ಪರೀಕ್ಷೆಗೆ ಕಳಿಸಿದಾಗ ತಿಳಿಯಿತು, ಅವರು ಬಳಸುತ್ತಿದ್ದ ಪ್ಲಗ್ ಗೇಜಿನ (ರಂಧ್ರ ಪರೀಕ್ಷಿಸುವ ಕಡ್ಡಿಯ), ಸರಿಯಾದ ರಂಧ್ರದೊಳಗೆ ಹೋಗಬೇಕಾದ 'ಗೋ' ತುದಿ ಸವೆದು ಸಣ್ಣದಾಗಿತ್ತು. ಸವೆದ ಗೇಜ್ ಚಿಕ್ಕ ರಂಧ್ರದೊಳಗೂ ಸಲೀಸಾಗಿ ಹೋಗುತ್ತದೆ. ಅವರು ಪ್ರತಿ ಪೀಸನ್ನೂ ಪರೀಕ್ಷಿಸಿದ್ದರು; ಗೇಜೇ ಸುಳ್ಳು ಹೇಳಿತ್ತು. ಗೇಜನ್ನು ಕಾಲಕಾಲಕ್ಕೆ ಪರೀಕ್ಷೆಗೆ ಕಳಿಸಬೇಕಾದ ಹೊಣೆ ನನ್ನದಾಗಿತ್ತು. ನಾನು ಪಕ್ಕಕ್ಕೆ ಕರೆದು ಕ್ಷಮೆ ಕೇಳಿದೆ. 'ಬೈದದ್ದು ಇಪ್ಪತ್ತು ಜನರಿಗೆ ಕೇಳಿಸಿತು ಸಾರ್, ಇದು ನನಗೊಬ್ಬನಿಗೆ' ಎಂದಷ್ಟೇ ಹೇಳಿ ಅವರು ಯಂತ್ರಕ್ಕೆ ಮರಳಿದರು. ಮರುದಿನ ಪಾಳಿ ಸೇರುವ ಹೊತ್ತಿಗೆ ಎಲ್ಲರ ಎದುರು ಮತ್ತೊಮ್ಮೆ ಕೇಳಿದೆ. ಆ ಒಂದು ದಿನ ತಡವಾದದ್ದಕ್ಕೆ ಒಂದು ವರ್ಷ ಬೆಲೆ ತೆತ್ತೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳು ನಿಮ್ಮಂಥದೇ ಇಕ್ಕಟ್ಟಿನಲ್ಲಿದ್ದವು: ಅನುಭವಿಗಳು ಸೈನ್ಯಕ್ಕೆ ಹೋಗಿದ್ದರು, ನಿನ್ನೆಯ ಕೆಲಸಗಾರರು ಇಂದು ಸೂಪರ್‌ವೈಸರ್ ಆಗಿದ್ದರು. 1940ರಿಂದ 1945ರವರೆಗೆ ಅಲ್ಲಿನ ಸರ್ಕಾರ 'ಟ್ರೇನಿಂಗ್ ವಿದಿನ್ ಇಂಡಸ್ಟ್ರಿ' ಎಂಬ ತರಬೇತಿ ನಡೆಸಿತು. ಯುದ್ಧದ ನಂತರ ಅದು ಜಪಾನಿಗೂ ಹೋಗಿ ಅಲ್ಲಿ ಬೇರೂರಿತು. ಜನರೊಂದಿಗಿನ ಸಂಬಂಧಕ್ಕೆಂದೇ ಮೀಸಲಾದ ಅದರ ಭಾಗ ಬಹಳ ಸರಳ: ಸಂಗತಿಗಳನ್ನು ಸಂಗ್ರಹಿಸು, ತೂಗಿ ತೀರ್ಮಾನಿಸು, ಕ್ರಮ ಕೈಗೊಳ್ಳು, ಆಮೇಲೆ ಫಲವೇನಾಯಿತೆಂದು ನೋಡು. ನಮ್ಮ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಮೂರನೆಯದು ಮಾತ್ರ ನಡೆಯುತ್ತದೆ, ಅದೂ ಕ್ರಮವಾಗಿ ಅಲ್ಲ, ಬೈಗುಳವಾಗಿ. ಸಂಗತಿ ಸಂಗ್ರಹಿಸುವಾಗ ಆ ಮನುಷ್ಯನ ಅಭಿಪ್ರಾಯ ಮತ್ತು ಭಾವನೆಗಳೂ ಸಂಗತಿಗಳೇ ಎಂದು ಆ ತರಬೇತಿಯಲ್ಲಿ ಹೇಳಿಕೊಡುತ್ತಿದ್ದರು. ನಿಮ್ಮ ಸೆಟ್ಟರ್ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಎಲ್ಲಕ್ಕಿಂತ ಸುಲಭವಾಗಿ ಬಗೆಹರಿಯಬಲ್ಲದ್ದು ಪಾಳಿಯವರ ಜಗಳ. ಅಲ್ಲಿಂದಲೇ ಆರಂಭಿಸಿ. ಹೊಸ ಸೂಪರ್‌ವೈಸರ್ ಒಂದು ತೊಡಕನ್ನು ಬಿಡಿಸಿದ್ದನ್ನು ಹದಿನಾರು ಜನ ನೋಡಿದರೆ ಮುಂದಿನ ಎರಡು ಮಾತುಕತೆಗಳಿಗೆ ಅದೇ ಬಂಡವಾಳ.

ಬೆಳಗಿನವರು ಏನು ಹೇಳುತ್ತಾರೆಂದು ನಾನು ಇಲ್ಲಿಂದಲೇ ಊಹಿಸಬಲ್ಲೆ: 'ರಾತ್ರಿಯವನು ಬೇಕೆಂತಲೇ ಆಫ್‌ಸೆಟ್ (ಟೂಲಿನ ಸ್ಥಾನಕ್ಕೆ ಕೊಟ್ಟ ತಿದ್ದುಪಡಿ) ಕೆಡಿಸಿ ಹೋಗುತ್ತಾನೆ, ನನ್ನ ಮೊದಲ ಪೀಸುಗಳು ರಿಜೆಕ್ಟ್ ಆಗುತ್ತವೆ.' ರಾತ್ರಿಯವರು ಹೇಳುವುದು: 'ನಾನು ಬಿಟ್ಟಾಗ ಸೈಜ್ ಸರಿಯಿತ್ತು, ಇವರಿಗೆ ಓಡಿಸಲು ಬರುವುದಿಲ್ಲ.' ಇಬ್ಬರೂ ನಿಜವನ್ನೇ ಹೇಳುತ್ತಿರುವ ಸಾಧ್ಯತೆ ಇದೆ. ರಾತ್ರಿ ಪಾಳಿಯವರು ಐದೂವರೆಗೆ ಯಂತ್ರ ನಿಲ್ಲಿಸಿ ಚಿಪ್ಸ್ ತೆಗೆದು ಒರೆಸಿ ಹೊರಡುತ್ತಾರೆ, ಬೆಳಗಿನವರು ಬಂದು ಟೀ ಕುಡಿದು ಆರೂ ಇಪ್ಪತ್ತಕ್ಕೆ ಶುರು ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಆ ಐವತ್ತು ನಿಮಿಷದಲ್ಲಿ ಸ್ಪಿಂಡಲ್ಲೂ ಬಾಲ್ ಸ್ಕ್ರೂವೂ ತಣ್ಣಗಾಗುತ್ತವೆ. ಬಿಸಿಯಾಗಿ ಹಿಗ್ಗಿದ್ದ ಯಂತ್ರಕ್ಕೆ ಹೊಂದುವಂತೆ ಕೊಟ್ಟಿದ್ದ ಆಫ್‌ಸೆಟ್ ತಣ್ಣನೆಯ ಯಂತ್ರಕ್ಕೆ ಹೊಂದುವುದಿಲ್ಲ. ನಲವತ್ತು ಮಿಲಿಮೀಟರ್ ಶಾಫ್ಟಿಗೆ ಡ್ರಾಯಿಂಗಿನಲ್ಲಿ ಎಚ್6 ಎಂಬ ಅಳತೆಯ ಮಿತಿ ಇದ್ದರೆ ಒಟ್ಟು ಅವಕಾಶ 16 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಹದಿನಾರು ಭಾಗ ಮಾತ್ರ. ಯಂತ್ರ ಅಷ್ಟು ದೂರವನ್ನು ಯಾರ ದ್ವೇಷದ ನೆರವೂ ಇಲ್ಲದೆ ತಾನೇ ಸರಿಯಬಲ್ಲದು. ಮೊದಲ ಪೀಸುಗಳು ಕೆಡಲು ಇದರ ಜೊತೆಗೆ ಸವೆದ ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ), ಕಡಿಮೆಯಾದ ಕೂಲೆಂಟ್, ಬರೆದಿಡದೆ ಕೊಟ್ಟ ಎರಡು ಮೈಕ್ರಾನಿನ ತಿದ್ದುಪಡಿ, ಹೀಗೆ ಹತ್ತು ಕಾರಣಗಳಿರುತ್ತವೆ. ಕಾರಣ ಕಾಣದ ಕಡೆ ಮನುಷ್ಯ ಮನುಷ್ಯನ ಮೇಲೆ ಸಂಶಯಪಡುತ್ತಾನೆ.

ಹೀಗಾಗಿ ಅವರಿಬ್ಬರನ್ನು ಕೂರಿಸಿ 'ಕೈ ಕುಲುಕಿ' ಎಂದು ಹೇಳುವ ಮೊದಲು, ಮೂರು ನಾಲ್ಕು ದಿನ ನೀವೇ ಬೆಳಿಗ್ಗೆ ಐದೂ ಕಾಲಿಗೆ ಹೋಗಿ ಆ ಯಂತ್ರದ ಪಕ್ಕ ನಿಲ್ಲಿ. ರಾತ್ರಿಯ ಕೊನೆಯ ಐದು ಪೀಸಿನ ಅಳತೆ, ಬೆಳಗಿನ ಮೊದಲ ಐದು ಪೀಸಿನ ಅಳತೆ, ಎರಡನ್ನೂ ಒಂದೇ ಮೈಕ್ರೊಮೀಟರ್‌ನಲ್ಲಿ ತೆಗೆದು ಒಂದೇ ಹಾಳೆಯಲ್ಲಿ ಬರೆಯಿರಿ. ಯಂತ್ರ ಬಿಸಿಯಾಗುತ್ತಿದ್ದಂತೆ ಅಳತೆ ತಾನಾಗಿ ಒಂದು ಕಡೆಗೆ ಸರಿದು ನಿಂತರೆ ಕಾರಣ ಉಷ್ಣತೆ. ಆಗ ಪಾಳಿಯ ಆರಂಭದಲ್ಲಿ ಸ್ಪಿಂಡಲ್ಲನ್ನು ಖಾಲಿ ಓಡಿಸಿ ಬಿಸಿ ಮಾಡುವ ಪದ್ಧತಿ ತಂದರೆ ಅರ್ಧ ಜಗಳ ಮುಗಿಯುತ್ತದೆ. ಅಳತೆ ಅಲ್ಲಲ್ಲೇ ಕುಣಿದಾಡಿದರೆ ಕ್ಲ್ಯಾಂಪಿಂಗ್ ಅಥವಾ ಇನ್ಸರ್ಟ್ ನೋಡಿ. ಆಫ್‌ಸೆಟ್ ತಿದ್ದಿದವರು ಸಮಯ, ಟೂಲ್ ನಂಬರು, ಎಷ್ಟು ತಿದ್ದಿದೆ ಎಂಬುದನ್ನು ಯಂತ್ರಕ್ಕೇ ತೂಗುಹಾಕಿದ ಲಾಗ್ ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮ ಮಾಡಿ. ಹೋಗುವವರು ಮತ್ತು ಬರುವವರು ಹತ್ತು ನಿಮಿಷ ಯಂತ್ರದ ಬಳಿ ಒಟ್ಟಿಗಿದ್ದು ಮೊದಲ ಪೀಸನ್ನು ಇಬ್ಬರೂ ನೋಡಿ ಸಹಿ ಹಾಕಲಿ. ಆ ಹತ್ತು ನಿಮಿಷ ಯಾರ ಖಾತೆಗೆ ಎಂಬುದನ್ನು ಮಾತ್ರ ಎಚ್.ಆರ್. ಜೊತೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಪಾಳಿಯ ಸಮಯದಾಚೆ ನಿಲ್ಲಿಸಿಕೊಂಡು ಹಣ ಕೊಡದಿದ್ದರೆ ಒಂದು ಜಗಳ ಆರಿಸಲು ಹೋಗಿ ಇನ್ನೊಂದನ್ನು ಹೊತ್ತಿಸಿದಂತಾಗುತ್ತದೆ.

ಇಷ್ಟಾದ ಮೇಲೂ ಅವರಿಬ್ಬರ ನಡುವೆ ಕಹಿ ಉಳಿಯುತ್ತದೆ. ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಿ, ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಒಯ್ದು ಮುಟ್ಟಿಸಬೇಡಿ. ಆಮೇಲೆ ಒಟ್ಟಿಗೆ ಕರೆದು ಹಾಳೆಯಲ್ಲಿರುವ ಅಂಕಿಗಳನ್ನು ತೋರಿಸಿ. ಸ್ನೇಹಿತರಾಗಿ ಎಂದು ಕೇಳುವ ಹಕ್ಕು ನಿಮಗಿಲ್ಲ. ಹತ್ತು ನಿಮಿಷ ಸಭ್ಯವಾಗಿ ಯಂತ್ರ ಒಪ್ಪಿಸಿ ಎಂದು ಕೇಳುವ ಹಕ್ಕಿದೆ.

ಇನ್ನು ಹಿರಿಯ ಸೆಟ್ಟರ್. ಈ ಭಾಗ ಕಷ್ಟದ್ದು, ಏಕೆಂದರೆ ಅವರ ವರ್ತನೆಗೆ ಒಂದು ನ್ಯಾಯವಾದ ಕಾರಣವೂ ಇರಬಹುದು. ಅವರಿಗೆ ಆ ಹುದ್ದೆ ಸಿಗಬೇಕಿತ್ತು ಎಂದು ಅವರ ಮನೆಯಲ್ಲಿ, ಕ್ಯಾಂಟೀನಿನಲ್ಲಿ, ಯೂನಿಯನ್ ಕಚೇರಿಯಲ್ಲಿ ಮಾತಾಗಿರುತ್ತದೆ. ಹಣದ ಲೆಕ್ಕದಲ್ಲಿ ಅವರಿಗೆ ನಷ್ಟವಾಗಿಲ್ಲದಿರಬಹುದು: ಕಾನೂನಿನ ಪ್ರಕಾರ ಕಾರ್ಮಿಕರ ಓವರ್‌ಟೈಮಿಗೆ (ಓಟಿಗೆ) ದುಪ್ಪಟ್ಟು ದರ ಸಿಗುತ್ತದೆ, ಸೂಪರ್‌ವೈಸರ್ ಆದವರಿಗೆ ಅನೇಕ ಕಾರ್ಖಾನೆಗಳಲ್ಲಿ ಓಟಿಯೇ ಇರುವುದಿಲ್ಲ, ಹೀಗಾಗಿ ತಿಂಗಳ ಕೊನೆಗೆ ಅವರ ಕೈಗೆ ನಿಮಗಿಂತ ಹೆಚ್ಚು ಬರುವುದೂ ಉಂಟು. ಆದ್ದರಿಂದಲೇ ಇದು ಸಂಬಳದ ಮಾತಲ್ಲ ಎನ್ನುತ್ತೇನೆ. ಇಪ್ಪತ್ತು ವರ್ಷ ಸವೆಸಿದವರನ್ನು ಬಿಟ್ಟು ತಾವೇ ಕಲಿಸಿದ ಹುಡುಗನನ್ನು ಮೇಲೆ ಕೂರಿಸಿದಾಗ, ಅದಕ್ಕೆ ಕಾರಣವೇನು ಎಂದು ಆಡಳಿತದವರು ಅವರನ್ನು ಕರೆದು ಒಂದು ಮಾತು ಹೇಳಿದ್ದಾರೆಯೇ? ಬಹುಶಃ ಇಲ್ಲ. ನಮ್ಮಲ್ಲಿ ಬಡ್ತಿ ಪಡೆದವರಿಗೆ ಸಿಹಿ ಹಂಚುವ ಸಂಪ್ರದಾಯವಿದೆ, ಬಡ್ತಿ ಸಿಗದವರ ಜೊತೆ ಮಾತನಾಡುವ ಸಂಪ್ರದಾಯವಿಲ್ಲ. ನಿಮ್ಮ ಮ್ಯಾನೇಜರ್ ಈ ಕೆಲಸ ಮಾಡಿಲ್ಲದಿದ್ದರೆ ಈಗಲಾದರೂ ಮಾಡಬೇಕೆಂದು ಕೇಳಿ. ಅದು ನಿಮ್ಮಿಂದ ಆಗುವಂಥದಲ್ಲ.

ನಿಮ್ಮಿಂದ ಆಗುವಂಥದು ಬೇರೆ ಇದೆ. ಅವರನ್ನು ಕ್ಯಾಬಿನ್ನಿಗೆ ಕರೆಯಬೇಡಿ. ಶಾಪ್‌ನಲ್ಲಿ ಕ್ಯಾಬಿನ್ನಿಗೆ ಕರೆ ಬಂತೆಂದರೆ ತಪ್ಪು ಮಾಡಿದ್ದಾರೆ ಎಂದೇ ಅರ್ಥ, ಗಾಜಿನಾಚೆಯಿಂದ ಹದಿನೈದು ಜೊತೆ ಕಣ್ಣು ನೋಡುತ್ತಿರುತ್ತವೆ. ಪಾಳಿ ಮುಗಿದ ಮೇಲೆ ಗೇಟಿನಾಚೆಯ ಟೀ ಅಂಗಡಿಯವರೆಗೆ ಜೊತೆಗೆ ನಡೆಯಿರಿ. ಮಾತನ್ನು ಹೀಗೆ ತೆಗೆಯಬಹುದು: 'ಅಣ್ಣ, ಮೈಕ್ರೊಮೀಟರ್ ಹಿಡಿಯೋದರಿಂದ ಹಿಡಿದು ನನಗೆ ಎಲ್ಲಾ ಕಲಿಸಿದೋರು ನೀವು. ಸೆಟ್ಟಿಂಗ್ ವಿಷಯದಲ್ಲಿ ನಾನು ತಪ್ಪು ಹೇಳಿದ್ರೆ ತಿದ್ದಿ, ತಿದ್ದಿಕೋತೀನಿ. ಹುಡುಗರ ಎದುರಿಗೆ ಬೇಡ, ಪಕ್ಕಕ್ಕೆ ಕರೆದು ಹೇಳಿ. ಯಾವ ಜಾಬ್ ಯಾವ ಮೆಷಿನ್‌ಗೆ ಅನ್ನೋದನ್ನ ಮಾತ್ರ ನಾನು ತೀರ್ಮಾನ ಮಾಡ್ತೀನಿ, ಯಾಕಂದ್ರೆ ನಾಳೆ ಮೇಲಿನೋರಿಗೆ ಉತ್ತರ ಕೊಡಬೇಕಾದೋನು ನಾನು.' ಇಷ್ಟು ಹೇಳಿ ಸುಮ್ಮನಾಗಿ. ಅವರು ಮಾತನಾಡಲಿ. ಹತ್ತು ವರ್ಷದ ಹಿಂದಿನ ಅಸಮಾಧಾನವೂ ಹೊರಗೆ ಬರಬಹುದು. ಅದಕ್ಕೆಲ್ಲ ಸಮಜಾಯಿಷಿ ಕೊಡಲು ಹೋಗಬೇಡಿ, ಆಡಳಿತದ ಪರವಾಗಿ ಏನನ್ನೂ ಒಪ್ಪಿಕೊಳ್ಳಲೂ ಹೋಗಬೇಡಿ.

ಅವರನ್ನು 'ಅಣ್ಣ' ಎನ್ನುವುದನ್ನು ಸೂಪರ್‌ವೈಸರ್ ಆದ ಮೇಲೆ ಬಿಡಬೇಕೇ ಎಂದು ಹೊಸಬರು ಅನೇಕರು ನನ್ನನ್ನು ಕೇಳಿದ್ದಾರೆ. ಬಿಡಬೇಡಿ. ಬಿಟ್ಟ ದಿನವೇ 'ತಲೆ ತಿರುಗಿದೆ' ಎಂಬ ಮಾತು ಹುಟ್ಟುತ್ತದೆ. ಬರವಣಿಗೆಯಲ್ಲಿ ಶ್ರೀ ಸೇರಿಸಿ ಪೂರ್ತಿ ಹೆಸರು, ಬಾಯಿಮಾತಿನಲ್ಲಿ ಅಣ್ಣ, ಎರಡಕ್ಕೂ ವಿರೋಧವಿಲ್ಲ. ನನಗೆ ಹೆಚ್ಚು ಚಿಂತೆಯಾದದ್ದು ಇನ್ನೊಂದು ವಿಷಯಕ್ಕೆ: ನಿಮ್ಮ ಪತ್ರದಲ್ಲೇ ಸೆಟ್ಟರ್ 'ತಳ್ಳಿಹಾಕುತ್ತಾರೆ', ಸೋಮವಾರದ ಹುಡುಗ 'ಗೈರಾಗುತ್ತಾನೆ'. ಶಾಪ್‌ನಲ್ಲೂ ನೀವು ಹೀಗೆಯೇ ಮಾತನಾಡುತ್ತಿದ್ದರೆ, ನಮ್ಮ ಕಾರ್ಖಾನೆಗಳ ಜಗಳಗಳಲ್ಲಿ 'ಏಕವಚನದಲ್ಲಿ ಮಾತಾಡಿಸಿದರು' ಎಂಬ ದೂರು ಎಷ್ಟು ದೊಡ್ಡ ಪಾಲು ಪಡೆಯುತ್ತದೆ ಎಂಬುದನ್ನು ಗಮನಿಸಿ. ಜೊತೆಗಾರರಾಗಿದ್ದಾಗ 'ಮಗಾ', 'ಗುರು' ಎಂದು ಹೆಗಲ ಮೇಲೆ ಕೈ ಹಾಕಿದ್ದು ಬೇರೆ. ಅಧಿಕಾರ ಬಂದ ಮೇಲೆ, ಅದರಲ್ಲೂ ಸಿಟ್ಟಿನಲ್ಲಿ, ಬಹುವಚನದಿಂದ ಏಕವಚನಕ್ಕೆ ಇಳಿದರೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ. ಒಡಿಶಾ, ಬಿಹಾರದ ಕಡೆಯ ಹುಡುಗರಿದ್ದರೆ ಹಿಂದಿಯಲ್ಲೂ ಇದೇ ಎಚ್ಚರ ಬೇಕು. ನಾವು ಬೀದಿಯಲ್ಲಿ ಕಲಿತ ಹಿಂದಿಯಲ್ಲಿ 'ಆಪ್' ಎನ್ನುವ ಪದ ತೀರಾ ಕಡಿಮೆ.

ಸೆಟ್ಟರ್ ಅವರಿಗೆ ಅವರದೇ ಆದ ಒಂದು ಅಧಿಕಾರವನ್ನು ಒಪ್ಪಿಸಿ. ಹೊಸ ಜಾಬ್ ಸೆಟ್ ಆದಾಗ ಮೊದಲ ಪೀಸಿಗೆ ಅವರ ಸಹಿಯಿಲ್ಲದೆ ಲಾಟ್ ಶುರುವಾಗಬಾರದು, ಐ.ಟಿ.ಐ.ಯಿಂದ ಬಂದ ಅಪ್ರೆಂಟಿಸ್‌ಗಳಿಗೆ ಸೆಟ್ಟಿಂಗ್ ಕಲಿಸುವ ಹೊಣೆ ಅವರದು, ಎಂಬಂಥ ವ್ಯವಸ್ಥೆ. ಇದು ಲಂಚವಾಗಬಾರದು, ಅವರ ಕೈಗುಣ ನಿಮ್ಮ ವಿಭಾಗಕ್ಕೆ ನಿಜವಾಗಿ ಬೇಕಾಗಿದ್ದರೆ ಮಾತ್ರ ಕೊಡಿ. ಬೇಕಾಗಿಯೇ ಇದೆ ಎಂದು ನನ್ನ ಅಂದಾಜು.

ಇದಕ್ಕೂ ಒಂದು ಮಿತಿ ಇದೆ. ಭಿನ್ನಾಭಿಪ್ರಾಯ ಬೇರೆ, ಹೇಳಿದ ಕೆಲಸ ಮಾಡುವುದಿಲ್ಲ ಎನ್ನುವುದು ಬೇರೆ. ಮೇಲಿನವರ ಕಾನೂನುಬದ್ಧವಾದ, ಸಮಂಜಸವಾದ ಆದೇಶವನ್ನು ಬೇಕೆಂದೇ ಧಿಕ್ಕರಿಸುವುದು 1946ರ ಹಳೆಯ ಸ್ಟ್ಯಾಂಡಿಂಗ್ ಆರ್ಡರ್ (ಕಾರ್ಖಾನೆಯ ಸೇವಾ ನಿಯಮಗಳ) ಕಾಯ್ದೆಯಡಿ ರೂಪಿಸಿದ ಮಾದರಿ ನಿಯಮಗಳಲ್ಲೇ ದುರ್ನಡತೆಯ ಪಟ್ಟಿಯಲ್ಲಿತ್ತು. 'ಕಾನೂನುಬದ್ಧ', 'ಸಮಂಜಸ' ಎಂಬ ಎರಡು ಮಾತುಗಳ ಮೇಲೆ ಬೆರಳಿಟ್ಟು ಓದಿ: ಗಾರ್ಡ್ ತೆಗೆದು ಯಂತ್ರ ಓಡಿಸು ಎಂದರೆ ಅದನ್ನು ನಿರಾಕರಿಸುವುದು ದುರ್ನಡತೆಯಲ್ಲ. ಅವರು ಕೆಲಸ ನಿರಾಕರಿಸಿದರೆ ಕಾರಣ ಕೇಳಿ. ಸುರಕ್ಷತೆಯ ಕಾರಣವಿದ್ದರೆ ಅಲ್ಲಿಗೇ ನಿಲ್ಲಿಸಿ ಪರಿಶೀಲಿಸಿ. ಇಲ್ಲವಾದರೆ ಆದೇಶವನ್ನು ಇನ್ನೊಮ್ಮೆ ಶಾಂತವಾಗಿ, ಸ್ಪಷ್ಟವಾಗಿ ಹೇಳಿ, ಜಾಬ್ ಕಾರ್ಡಿನಲ್ಲಿ ಬರೆದುಕೊಟ್ಟು, ಅದೇ ಪಾಳಿಯಲ್ಲಿ ಮೇಲಿನವರಿಗೆ ಲಿಖಿತ ವರದಿ ಮಾಡಿ. ಅವರ ಮೇಲಿನ ಗೌರವದಿಂದ ಆ ವರದಿಯನ್ನು ನುಂಗಿಕೊಂಡರೆ, ನಾಳೆ ಅದೇ ತಪ್ಪಿಗೆ ಕಿರಿಯ ಆಪರೇಟರ್ ಒಬ್ಬರ ಮೇಲೆ ಬರೆಯುವ ನೈತಿಕ ಹಕ್ಕು ನಿಮಗಿರುವುದಿಲ್ಲ.

ಸೋಮವಾರದ ಹುಡುಗನ ವಿಷಯಕ್ಕೆ ಬರುತ್ತೇನೆ. ಮೊದಲು ಹಾಜರಿ ಪುಸ್ತಕದ ಆರು ತಿಂಗಳನ್ನು ತೆಗೆದು, ಗೈರಾದ ಸೋಮವಾರಗಳ ಪಕ್ಕದಲ್ಲಿ ಆ ವಾರದ ಪಾಳಿ ಯಾವುದೆಂದು ಬರೆಯಿರಿ. ಬಹುಪಾಲು ಬೆಳಗಿನ ಪಾಳಿಯ ವಾರಗಳೇ ಆಗಿದ್ದರೆ, ಭಾನುವಾರ ಊರಿಗೆ ಹೋದವರು ಸೋಮವಾರ ಬೆಳಿಗ್ಗೆ ಆರಕ್ಕೆ ಪೀಣ್ಯ ತಲುಪಲಾಗದೆ, ತಡವಾಗಿ ಬಂದು ಬೈಸಿಕೊಳ್ಳುವುದಕ್ಕಿಂತ ಬರದಿರುವುದೇ ಮೇಲು ಎಂದು ಉಳಿದುಬಿಟ್ಟಿರಬಹುದು. ಊರಿನಲ್ಲಿ ಕಾಯಿಲೆಯ ತಾಯಿ ಇರಬಹುದು, ಸುಗ್ಗಿಯಿರಬಹುದು. ಯಾವ ಪಾಳಿಯಾದರೂ ಸೋಮವಾರವೇ ಗೈರು ಎಂದಾದರೆ ಕುಡಿತದ ಸಂಶಯ ಬರುವುದು ಸಹಜ. ಆದರೆ ಸಂಶಯವನ್ನು ಆರೋಪವಾಗಿ ಬಾಯಿಗೆ ತರಬೇಡಿ. 'ಕಳೆದ ಆರು ತಿಂಗಳಲ್ಲಿ ಇಷ್ಟು ಸೋಮವಾರ ನೀವು ಬಂದಿಲ್ಲ, ಆ ದಿನ ನಿಮ್ಮ ಯಂತ್ರ ನಿಂತಿದೆ ಅಥವಾ ಇನ್ನೊಬ್ಬರು ಎರಡು ಪಾಳಿ ಮಾಡಿದ್ದಾರೆ; ಏನು ತೊಂದರೆ?' ಎಂದು ಕೇಳಿ. ತೊಂದರೆ ಕುಡಿತವೇ ಎಂದು ಅವರೇ ಹೇಳಿದರೆ ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಆಸ್ಪತ್ರೆಯ ದಾರಿ ತೋರಿಸಿ. ಬೆಂಗಳೂರಿನಲ್ಲೇ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಇ.ಎಸ್.ಐ. ವ್ಯಾಪ್ತಿಯಲ್ಲಿದ್ದು ವೈದ್ಯರ ಪ್ರಮಾಣಪತ್ರವಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಕಾಯಿಲೆ ಭತ್ಯೆಗೆ ಅವಕಾಶವಿದೆ ಎಂಬುದು ಎಷ್ಟೋ ಕಾರ್ಮಿಕರಿಗೆ ಗೊತ್ತೇ ಇರುವುದಿಲ್ಲ.

ಕೇಳಿಯೂ, ಅವಕಾಶ ಕೊಟ್ಟೂ ಬದಲಾಗದಿದ್ದರೆ ಕಾಗದದ ದಾರಿ ಹಿಡಿಯಲೇಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಸ್ಟ್ಯಾಂಡಿಂಗ್ ಆರ್ಡರ್ ಕಡ್ಡಾಯ, ಅಂದರೆ ನಿಮ್ಮದಕ್ಕೂ. ಅದರ ಪ್ರತಿಯನ್ನು ಎಚ್.ಆರ್.ನಿಂದ ಪಡೆದು ದುರ್ನಡತೆಯ ಅಧ್ಯಾಯವನ್ನಾದರೂ ಎರಡು ಬಾರಿ ಓದಿ. ರಜೆಯಿಲ್ಲದೆ ಪದೇ ಪದೇ ಗೈರಾಗುವುದು, ಅಥವಾ ಸತತ 10 ದಿನಕ್ಕಿಂತ ಹೆಚ್ಚು ಗೈರಾಗುವುದು ಹಳೆಯ ಮಾದರಿ ನಿಯಮಗಳಲ್ಲಿ ದುರ್ನಡತೆ. 'ಪದೇ ಪದೇ' ಎಂದರೆ ಎಷ್ಟು ಬಾರಿ ಎಂಬುದನ್ನು ನಿಮ್ಮ ಕಾರ್ಖಾನೆಯ ನಿಯಮದಲ್ಲಿ ನೋಡಿಕೊಳ್ಳಿ. ಮೊದಲು ಬಾಯಿಮಾತಿನ ಎಚ್ಚರಿಕೆ, ಅದರ ತಾರೀಖು ನಿಮ್ಮ ನೋಟ್‌ಬುಕ್ಕಿನಲ್ಲಿ, ಆಮೇಲೆ ಎಚ್.ಆರ್. ಮೂಲಕ ಮೆಮೊ, ಅವರಿಗೆ ಓದಲು ಬರುವ ಭಾಷೆಯಲ್ಲಿ, ಉತ್ತರಿಸಲು ಸಮಯ ಕೊಟ್ಟು. ಇಂಗ್ಲಿಷಿನಲ್ಲಿ ಬರೆದ ಮೆಮೊಗೆ ಅರ್ಥವಾಗದೆ ಸಹಿ ಹಾಕಿದೆ ಎಂದು ಕಾರ್ಮಿಕರು ಹೇಳಿದಾಗ ಆಡಳಿತದವರು ತಲೆ ತಗ್ಗಿಸಿದ್ದನ್ನು ನಾನು ಕಂಡಿದ್ದೇನೆ. ಅದಕ್ಕೂ ಮುಂದಿನ ಆರೋಪಪಟ್ಟಿ, ವಿಚಾರಣೆ, ಶಿಕ್ಷೆ ಇವು ನಿಮ್ಮ ಕೆಲಸವಲ್ಲ. ವಿಚಾರಣೆಯಲ್ಲಿ ನೀವು ಸಾಕ್ಷಿ ಮಾತ್ರ, ಅಲ್ಲಿ ಆ ಕಾರ್ಮಿಕರು ಸಹೋದ್ಯೋಗಿಯೊಬ್ಬರ ನೆರವು ಪಡೆದು ನಿಮ್ಮನ್ನೇ ಪ್ರಶ್ನಿಸುತ್ತಾರೆ. ಆಗ ಉಪಯೋಗಕ್ಕೆ ಬರುವುದು ತಾರೀಖು ಸಮೇತ ಬರೆದಿಟ್ಟ ಘಟನೆಗಳು. 'ಅವನು ಯಾವಾಗಲೂ ಹಾಗೆಯೇ' ಎಂಬ ಸಾಕ್ಷ್ಯ ಎರಡು ಪ್ರಶ್ನೆಗೆ ನಿಲ್ಲುವುದಿಲ್ಲ.

ಎರಡು ತಪ್ಪುಗಳನ್ನು ಮಾತ್ರ ಎಂದಿಗೂ ಮಾಡಬೇಡಿ. ಸಿಟ್ಟಿನಲ್ಲಿ 'ನಾಳೆಯಿಂದ ಬರಬೇಡ' ಎನ್ನುವುದು ಒಂದು. ಆ ಮೂರು ಸೆಕೆಂಡಿನ ಮಾತು 'ನನಗೆ ಕೆಲಸ ನಿರಾಕರಿಸಿದರು' ಎಂಬ ದೂರಾಗಿ ವರ್ಷಗಟ್ಟಲೆ ನಡೆಯಬಲ್ಲದು. ವಿಚಾರಣೆ ಬಾಕಿಯಿಟ್ಟು ಅಮಾನತು ಮಾಡುವುದಕ್ಕೂ ಕ್ರಮವಿದೆ: ಮೊದಲ 90 ದಿನ ಸಂಬಳದ ಅರ್ಧದಷ್ಟು ಜೀವನಾಧಾರ ಭತ್ಯೆ ಕೊಡಬೇಕು, ತಡ ಕಾರ್ಮಿಕರಿಂದ ಆಗದಿದ್ದರೆ ಆಮೇಲೆ ಮುಕ್ಕಾಲು ಭಾಗ. ಇನ್ನೊಂದು, ಅರ್ಧ ದಿನದ ಹಾಜರಿ ಹೊಡೆದು ಹಾಕಿ ಪಾಠ ಕಲಿಸುವುದು. ಬಾರದ ಅವಧಿಗೆ ಸಂಬಳ ಇಲ್ಲ ಎಂಬುದು ಸರಿ. ಬಂದು ದುಡಿದ ಅವಧಿಯನ್ನು ಶಿಕ್ಷೆಯಾಗಿ ಅಳಿಸುವುದು ಕಾನೂನುಬಾಹಿರ. ದಂಡ ಹಾಕಲು ಕಾನೂನು ಒಪ್ಪುವ ಕಡೆಯೂ ಅದು ಆ ಅವಧಿಯ ಸಂಬಳದ ಶೇ. 3ನ್ನು ಮೀರುವಂತಿಲ್ಲ, ಅದೂ ಅವರ ಮಾತು ಕೇಳಿದ ಮೇಲೆ.

ನೀವು ಸ್ವತಃ ರಾಜಿ ಮಾಡಿಸಬಾರದ ಕೆಲವು ವಿಷಯಗಳಿವೆ. ಪಾಳಿಯವರು ಮುಂದೊಂದು ದಿನ ನಿಜಕ್ಕೂ ಕೈ ಮಾಡಿದರೆ ಇಬ್ಬರನ್ನೂ ಯಂತ್ರದಿಂದ ದೂರ ಕರೆದೊಯ್ದು ಅದೇ ಗಂಟೆಯಲ್ಲಿ ವರದಿ ಮಾಡಿ. ಜಾತಿ ಹಿಡಿದು ಬೈದರೆ ಅದೂ ಹಾಗೆಯೇ. ಇನ್ಸ್‌ಪೆಕ್ಷನ್ ವಿಭಾಗದ ಹೆಣ್ಣುಮಗಳೊಬ್ಬರು ಯಾರಾದರೂ ಅಸಭ್ಯವಾಗಿ ವರ್ತಿಸಿದರೆಂದು ನಿಮ್ಮ ಬಳಿ ಹೇಳಿಕೊಂಡರೆ, 'ನಾನು ಅವನಿಗೆ ಬುದ್ಧಿ ಹೇಳುತ್ತೇನೆ, ಬಿಡಿ' ಎನ್ನಬೇಡಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಬೇಕು, ಲಿಖಿತ ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು, ರಾಜಿಯ ಮಾತು ಆ ಮಹಿಳೆಯೇ ಕೇಳಿದರೆ ಮಾತ್ರ. ನಿಮ್ಮ ಕೆಲಸ ಅವರಿಗೆ ಸಮಿತಿಯ ದಾರಿ ತಿಳಿಸುವುದು, ಬಾಯಿ ಮುಚ್ಚಿಕೊಂಡಿರುವುದು.

ಮ್ಯಾನೇಜರ್ ಹೇಳಿದ 'ಸ್ಟ್ರಿಕ್ಟ್' ಎಂಬ ಮಾತಿನ ಬಗ್ಗೆ: ಅದರ ಅರ್ಥವನ್ನು ಅವರಿಂದಲೇ ಬಿಡಿಸಿಕೊಳ್ಳಿ. ಮೆಮೊ ಕೊಡಿಸಲು ನಾನು ಶಿಫಾರಸು ಮಾಡಿದರೆ ನೀವು ಸಹಿ ಹಾಕುತ್ತೀರಾ, ಸೆಟ್ಟರ್ ನೇರವಾಗಿ ನಿಮ್ಮ ಬಳಿ ಬಂದರೆ ಮೊದಲು ಸೂಪರ್‌ವೈಸರ್ ಹತ್ತಿರ ಮಾತಾಡಿ ಎನ್ನುತ್ತೀರಾ ಎಂದು ಕೇಳಿ. ಈ ಎರಡಕ್ಕೆ ಹೌದು ಎನ್ನದ ಮ್ಯಾನೇಜರ್ ಕೆಳಗೆ ಎಷ್ಟು ಕೂಗಿದರೂ ಗಂಟಲು ನೋವು ನಿಮಗೇ. ವಿಭಾಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರನ್ನೂ ಹೆಸರಿಟ್ಟು ಬೈಯಬೇಡಿ. ರಾತ್ರಿ ಹತ್ತಕ್ಕೆ ಹಾಕಿದ ಸಾಲು ಬೆಳಿಗ್ಗೆ ಆರಕ್ಕೆ ಸ್ಕ್ರೀನ್‌ಶಾಟ್ ಆಗಿ ಯೂನಿಯನ್ ಕಚೇರಿಯಲ್ಲಿರುತ್ತದೆ.

ಮೆಷಿನ್ನಿಗೆ ಮರಳಬೇಕೇ ಎಂಬ ನಿಮ್ಮ ಕೊನೆಯ ಪ್ರಶ್ನೆ ನಾಚಿಕೆಯದಲ್ಲ. ಒಳ್ಳೆಯ ಆಪರೇಟರ್‌ಗಳೆಲ್ಲ ಒಳ್ಳೆಯ ಸೂಪರ್‌ವೈಸರ್ ಆಗಬೇಕೆಂದಿಲ್ಲ, ಆಗದವರು ಕಡಿಮೆಯವರೂ ಅಲ್ಲ. ಆದರೆ ಮೂರು ತಿಂಗಳಿಗೆ ತೀರ್ಮಾನಿಸುವುದು ಬೇಗ ಎನಿಸುತ್ತದೆ. ಓಟಿ ಇಲ್ಲದೆ ನಿಮ್ಮ ಕೈಗೆ ಬರುವ ಮೊತ್ತ ಮೊದಲಿಗಿಂತ ಕಡಿಮೆಯಾಗಿದೆಯೇ, ಬಡ್ತಿಯ ಪತ್ರದಲ್ಲಿ ಪ್ರೊಬೇಷನ್ ಅವಧಿ ಎಷ್ಟಿದೆ, ಹಳೆಯ ಹುದ್ದೆಗೆ ಮರಳಲು ಅದರಲ್ಲಿ ಅವಕಾಶವಿದೆಯೇ ಎಂಬುದನ್ನು ಈಗಲೇ ಎಚ್.ಆರ್.ಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಪ್ರೊಬೇಷನ್ ಮುಗಿಯಲು ಒಂದು ತಿಂಗಳಿದೆ ಎನ್ನುವ ಹೊತ್ತಿಗೆ ನೋಟ್‌ಬುಕ್ಕಿನ ಮೊದಲ ಪುಟಗಳನ್ನೂ ಕೊನೆಯ ಪುಟಗಳನ್ನೂ ಪಕ್ಕಪಕ್ಕ ಇಟ್ಟು ಓದಿ ತೀರ್ಮಾನಿಸಿ. ಅಲ್ಲಿಯವರೆಗೆ, ಸೋಮವಾರ ಬೆಳಿಗ್ಗೆ ಐದೂ ಕಾಲಿಗೆ ಮೈಕ್ರೊಮೀಟರ್ ಹಿಡಿದು ಆ ಲೇಥ್ ಪಕ್ಕದಲ್ಲಿರಿ. ಸೆಟ್ಟರ್ ಅವರದೂ ಬೆಳಗಿನ ಪಾಳಿಯಾಗಿದ್ದರೆ, ಸ್ವಲ್ಪ ಬೇಗ ಬಂದು ಅಳತೆ ತೆಗೆಯಲು ಜೊತೆಗಿರುತ್ತೀರಾ ಎಂದು ಅವರನ್ನೇ ಕೇಳಿ ನೋಡಿ.